ಕರಾಟೆ, ಬೋಧಿಧರ್ಮ ಮತ್ತು ನನ್ನದೊಂದು ಹಳೆಯ ಬಾಕಿ

ಕಳೆದ ತಿಂಗಳು ಗರಡಿಮನೆಗಳ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ದೂರವಾಣಿ ಮಾಡಿ, "ಸರ, ಕುಸ್ತಿ ಬಗ್ಗೆ ಬರದ್ರಿ, ಚೊಲೋ ಆತು. ಕರಾಟೆ ಯಾಕ ಬಿಟ್ರಿ? ನೀವ ಹೇಳಿದ್ರಲ್ಲರೀ, ಕರಾಟೆ ಮೂಲ ನಮ್ಮ ದೇಶದ್ದು, ಬೋಧಿಧರ್ಮ ಚೀನಾಕ್ಕ ಒಯ್ದಾನ ಅಂತ. ನನ್ನ ಮಗನಿಗೂ ಅದನ್ನ ಹೇಳೇನಿ" ಎಂದ.

ಮಾತು ಕೇಳಿ ಸಂತೋಷವಾಗಬೇಕಿತ್ತು. ೩೫ ವರ್ಷಗಳ ಹಿಂದಿನ ಪಾಠವೊಂದು ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿದು ಅವನ ಮಗನಿಗೂ ಮುಟ್ಟಿದೆಯೆಂದರೆ ಶಿಕ್ಷಕನಿಗೆ ಅದಕ್ಕಿಂತ ದೊಡ್ಡ ಪಿಂಚಣಿ ಇಲ್ಲ. ಆದರೆ ಆ ಪಾಠ ತಪ್ಪಾಗಿತ್ತು. ಬೇಕೆಂದು ಸುಳ್ಳು ಹೇಳಿದ್ದಲ್ಲ. ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದನ್ನು ಪರಿಶೀಲಿಸದೆ, ಎದೆಯುಬ್ಬಿಸಿಕೊಂಡು ಹೇಳಿದ್ದು. ಅಷ್ಟೇ ಆಗಿದ್ದರೆ ದೂರವಾಣಿಯಲ್ಲಿಯೇ ತಿದ್ದಿ ಮುಗಿಸಬಹುದಿತ್ತು. ಆದರೆ ಆ ಪಾಠಕ್ಕೆ ಇನ್ನೊಂದು ಸಂಗತಿ ಅಂಟಿಕೊಂಡಿದೆ. ೧೯೯೦-೯೧ರಲ್ಲಿ ಇಳಕಲ್ಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ನನ್ನ ಎದುರು ಕುಳಿತಿದ್ದವರಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ನೆನಪಿದ್ದವರು ಇದುವರೆಗೆ ನನ್ನ ಮುಂದೆ ಆಡಿ ತೋರಿಸಿಲ್ಲ. ಅದು ಅವರ ಸೌಜನ್ಯ.

ನಮ್ಮ ಸೀಮೆಗೆ ಮಲ್ಲವಿದ್ಯೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕಾಗಿಯೇ ಒಂದು ಪ್ರಕರಣವಿದೆ. ಮಲ್ಲರ ವರ್ಗ, ಆಹಾರ, ಅಭ್ಯಾಸ ಎಲ್ಲವೂ ಅಲ್ಲಿ ಬರುತ್ತವೆ. ನಾನು ಚಿಕ್ಕವನಿದ್ದಾಗ ಹುನಗುಂದ, ಬಾದಾಮಿ ಕಡೆಯ ಊರುಗಳಲ್ಲಿ ಹನುಮಪ್ಪನ ಗುಡಿಯ ಮಗ್ಗುಲಿಗೆ ಒಂದು ಗರಡಿಮನೆ, ಅಂಗಳದಲ್ಲಿ ಒಂದು ಸಂಗ್ರಾಣಿ ಕಲ್ಲು ಇಲ್ಲದ ಊರನ್ನು ಹುಡುಕಬೇಕಾಗಿತ್ತು. ವಸ್ತಾದರ ಕಾಲು ಮುಟ್ಟಿ, ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹುಡುಗರು ಕಣಕ್ಕೆ ಇಳಿಯುತ್ತಿದ್ದರು. ಹುಡುಗಿಯರು ಆ ಬಾಗಿಲನ್ನು ದಾಟುವಂತಿರಲಿಲ್ಲ. ಅದು ಯಾರೂ ಪ್ರಶ್ನಿಸದ ಮಾತಾಗಿತ್ತು.

ಕರಾಟೆ ನಮ್ಮಲ್ಲಿಗೆ ಬಂದದ್ದು ಸಿನೆಮಾದ ಮೂಲಕ. ೧೯೭೩ರಲ್ಲಿ ತೆರೆಕಂಡ ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ಜಗತ್ತನ್ನೆಲ್ಲ ಸುತ್ತಿ, ಫಿಲ್ಮು ಗೀಚುಗೀಚಾದ ಮೇಲೆ, ಬಹಳ ವರ್ಷ ತಡವಾಗಿ ನಮ್ಮ ಕಡೆಗೆ ತಲುಪಿತು. ಆ ವಾರ ಶಾಲೆಯಲ್ಲಿ ಹಾಜರಿ ಇಳಿಯಿತು. ಮುಂದಿನ ವಾರ ಹಾಜರಿ ಏರಿತು, ಆದರೆ ಅರ್ಧ ಹುಡುಗರ ಹಣೆಯ ಮೇಲೆ ಪಟ್ಟಿ. ಎರಡು ಕಟ್ಟಿಗೆಯ ತುಂಡುಗಳಿಗೆ ಸೈಕಲ್ಲಿನ ಚೈನು ಬಿಗಿದು, ಬ್ರೂಸ್ ಲೀಯಂತೆ ತಿರುಗಿಸಲು ಹೋಗಿ ತಮ್ಮ ಹಣೆಗೆ ತಾವೇ ಹೊಡೆದುಕೊಂಡಿದ್ದರು. ಬ್ರೂಸ್ ಲೀ ಕಲಿತದ್ದು ಚೀನೀ ಪದ್ಧತಿಯ ಕುಂಗ್‌ಫೂ, ಜಪಾನಿನ ಕರಾಟೆಯಲ್ಲ ಎಂಬುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೈಕಾಲು ಬೀಸಿ ಕೂಗಿದ್ದೆಲ್ಲ ಕರಾಟೆಯೇ.

ನಿಜವಾದ ಕರಾಟೆಯನ್ನು ಊರಿಗೆ ತಂದವನು ಒಬ್ಬ ಗಿರಣಿ ಕಾರ್ಮಿಕ. ನೇಕಾರರ ಮನೆತನದ ತರುಣ. ಕೈಮಗ್ಗದಲ್ಲಿ ಹೊಟ್ಟೆ ತುಂಬದೆ ಮುಂಬಯಿಯ ಬಟ್ಟೆ ಗಿರಣಿಗೆ ಸೇರಿದ್ದ. ೧೯೮೨ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ಮುಗಿಯುವುದರೊಳಗೆ ಗಿರಣಿಗಳೇ ಮುಗಿದುಹೋದವು. ಅಲ್ಲಿಯೇ ಕೆಲಕಾಲ ಅದೂ ಇದೂ ಮಾಡಿಕೊಂಡಿದ್ದು, ಕಡೆಗೆ ಊರಿಗೆ ಮರಳಿದ. ಗಂಟುಮೂಟೆಯಲ್ಲಿ ಒಂದು ಕಪ್ಪು ಪಟ್ಟಿಯಿತ್ತು. ಚಾಳಿನಲ್ಲಿದ್ದಾಗ ಪಾಳಿ ಮುಗಿದ ಮೇಲೆ ಕಲಿತ ವಿದ್ಯೆಯಂತೆ. ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ, ಬೇವಿನ ಗಿಡದ ಬುಡದಲ್ಲಿ, ಬೆಳಗಿನ ೬ ಗಂಟೆಗೆ ಹುಡುಗರಿಗೆ ಕಲಿಸತೊಡಗಿದ. ಶುಲ್ಕ ತಿಂಗಳಿಗೆ ೧೦ ರೂಪಾಯಿ; ಕೊಡದಿದ್ದವರನ್ನು ಹೊರಗೆ ಹಾಕಿದ್ದನ್ನು ನಾನು ನೋಡಲಿಲ್ಲ. ಮಾದರಪಾಟದ ಬಿಳಿ ಅಂಗಿ, ಪಾಯಿಜಾಮು. ಆ ಹುಡುಗರು ಸಾಲಾಗಿ ನಿಂತು, ಬಾಗಿ ನಮಸ್ಕರಿಸಿ, ಒಂದೇ ಏಟನ್ನು ನೂರು ಸಲ ಗಾಳಿಗೆ ಹೊಡೆಯುವುದನ್ನು ನಾನು ವಾಯುವಿಹಾರದಿಂದ ಬರುವಾಗ ನಿಂತು ನೋಡುತ್ತಿದ್ದೆ. ಶಿಸ್ತು ಮೆಚ್ಚುಗೆಯಾಯಿತು. ಆ ಮೆಚ್ಚುಗೆಯ ಉಮೇದಿನಲ್ಲಿಯೇ ಒಂದು ದಿನ ತರಗತಿಯಲ್ಲಿ ಪಾಠ ಬಿಟ್ಟು ಕರಾಟೆಯ ಮೂಲದ ಬಗ್ಗೆ ಭಾಷಣ ಮಾಡಿದೆ.

ಏನು ಹೇಳಿದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಕಂಚಿಯ ಪಲ್ಲವ ರಾಜಕುಮಾರ ಬೋಧಿಧರ್ಮನು ಸನ್ಯಾಸಿಯಾಗಿ ಚೀನಾಕ್ಕೆ ಹೋದ. ಶಾವೊಲಿನ್ ಮಠದ ಭಿಕ್ಷುಗಳಿಗೆ ನಮ್ಮ ಯುದ್ಧಕಲೆ ಕಲಿಸಿದ. ಅದು ಜಪಾನಿಗೆ ಹೋಗಿ ಕರಾಟೆಯಾಯಿತು. ಕನ್ನಡ ಮಾಸ್ತರನಾದ್ದರಿಂದ ಶಬ್ದವ್ಯುತ್ಪತ್ತಿಯನ್ನೂ ಸೇರಿಸಿದೆ: 'ಕರ' ಎಂದರೆ ಕೈ, ಸಂಸ್ಕೃತ ಶಬ್ದ, ಆದ್ದರಿಂದ ಕರಾಟೆ ನಮ್ಮದೇ! ಇಲ್ಲಿ ಒಂದು ಮೋಜಿನ ಮಾತು ಹೇಳಬೇಕು. ಪಲ್ಲವ ನರಸಿಂಹವರ್ಮನು ೬೪೨ರಲ್ಲಿ ನಮ್ಮ ಬಾದಾಮಿಯನ್ನು ಗೆದ್ದು 'ವಾತಾಪಿಕೊಂಡ' ಎಂದು ಬಿರುದು ಧರಿಸಿದವನು. ಬಾದಾಮಿಯ ಬಂಡೆಯ ಮೇಲೆ ಅವನ ಕಾಲದ ಶಾಸನ ಈಗಲೂ ಇದೆ. ಇತಿಹಾಸದ ಅವಧಿಯಲ್ಲಿ ಪಲ್ಲವರನ್ನು ಬೈದು, ಕನ್ನಡದ ಅವಧಿಯಲ್ಲಿ ಅದೇ ವಂಶದವನನ್ನು 'ನಮ್ಮವನು' ಎಂದು ಅಪ್ಪಿಕೊಂಡಿದ್ದೆ. ಹೆಮ್ಮೆಗೆ ಲೆಕ್ಕಪತ್ರ ಇರುವುದಿಲ್ಲ.

ಭಾಷಣ ಮುಗಿದಾಗ ಹುಡುಗಿಯರ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ನೇಕಾರರ ಮಗಳು. ಶಾಲೆಗೆ ಬರುವ ಮೊದಲು ಮನೆಯಲ್ಲಿ ಕಂಡಿಕೆ ಸುತ್ತಿ ಬರುತ್ತಿದ್ದಳು. ಇಳಕಲ್ಲು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಬೆಸೆಯುವ ಕೆಲಸವನ್ನು ಆ ವಯಸ್ಸಿಗೇ ಕಲಿತಿದ್ದಳು. ಅಕ್ಷರ ಮುತ್ತಿನಂತೆ.

"ಸರ, ಕರಾಟೆ ನಮ್ಮದ ಅಂದ್ರ, ನಾವು ಹುಡುಗ್ಯಾರು ಯಾಕ ಕಲಿಬಾರದ್ರಿ?"

ತರಗತಿ ನಕ್ಕಿತು. ನಾನೂ ನಕ್ಕು, "ಕೂಡವಾ ತಂಗಿ, ಮೊದಲ ಸಂಧಿ ಸಮಾಸ ಕಲಿ" ಎಂದೆ. ತರಗತಿ ಇನ್ನಷ್ಟು ನಕ್ಕಿತು. ಅವಳು ಕುಳಿತಳು. ಹುಡುಗರ ನಗುವನ್ನು ಗಳಿಸುವ ಚಟ ಶಿಕ್ಷಕರಿಗೆ ಬಹಳ. ಅದಕ್ಕೆ ಯಾರಾದರೊಬ್ಬರ ತಲೆ ಬೇಕಾಗುತ್ತದೆ.

ಒಂದು ವಾರದ ಮೇಲೆ ಸಂಜೆ ಅವಳ ತಂದೆ ಮನೆಗೆ ಬಂದರು. ಕಟ್ಟೆಯ ಮೇಲೆ ಕೂಡಿರೆಂದರೂ ಕೂಡದೆ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತೇ ಮಾತಾಡಿದರು. "ಗುರುಗಳ, ಹುಡುಗಿ ಹಠಾ ಹಿಡದಾಳ್ರಿ. ಮುಂಜಾನೆ ಆ ಕರಾಟೆ ಕಲಿತೀನಿ ಅಂತಾಳ. ಅವನೂ ನಮ್ಮ ಓಣಿ ಹುಡುಗನ, ಕಲಸ್ತೀನಿ ಅಂತಾನ. ನನಗೇನ ತಿಳೀತದ್ರಿ. ನೀವು ಹೂಂ ಅಂದ್ರ ಕಳಸ್ತೀನಿ."

ನೀವು ಹೂಂ ಅಂದ್ರ ಕಳಸ್ತೀನಿ. ಈ ಮಾತನ್ನು ಗಮನಿಸಿರಿ. ಅನುಮತಿ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಬ್ಯಾಡ ಬಿಡ್ರಿ" ಎಂದೆ. "ನಾಳೆ ಲಗ್ನದ ಮಾತು ಬಂದಾಗ ಜನ ಏನರ ಅಂದಾರು. ಶಾಣ್ಯಾ ಇದ್ದಾಳ, ಓದಲಿ."

ಅವರು ಕೈ ಮುಗಿದು ಹೋದರು. ನಾನು ಅದನ್ನು ಅಂದೇ ರಾತ್ರಿ ಮರೆತೆ.

೨೦೦೪ರಲ್ಲಿ ನಿವೃತ್ತನಾದೆ. ೨೦೧೪ರಲ್ಲಿ ನಿಮ್ಮ ಬ್ಯಾಚಿನವರೆಲ್ಲ ಸೇರಿ ಇಳಕಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ಗುರುವಂದನೆ ಏರ್ಪಡಿಸಿದಿರಿ. ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹೊಗಳಿದಿರಿ. ಅದರ ನಡುವೆ ಮಕ್ಕಳ ಕಾರ್ಯಕ್ರಮವಿತ್ತು. ಒಂದು ಹುಡುಗಿ ಭಾವಗೀತೆ ಹಾಡಿದ ಮೇಲೆ, ಬಿಳಿಯ ಉಡುಪು ತೊಟ್ಟ ಇನ್ನೊಬ್ಬಳು ಬರಿಗಾಲಲ್ಲಿ ವೇದಿಕೆಯ ನಡುವೆ ಬಂದು ನಿಂತಳು. ವಯಸ್ಸು ೧೪. ಬಾಗಿದಳು. "ಹೈಯಾನ್ ಶೋದಾನ್" ಎಂದು ಗಟ್ಟಿಯಾಗಿ ಹೇಳಿ ಆರಂಭಿಸಿದಳು. ಎಡಕ್ಕೆ ತಿರುಗಿ ತಡೆ, ಮುಂದೆ ಹೆಜ್ಜೆಯಿಟ್ಟು ಏಟು. ಬಲಕ್ಕೆ ತಿರುಗಿ ತಡೆ, ಮತ್ತೆ ಏಟು. ಒಟ್ಟು ೨೧ ಚಲನೆಗಳು, ನಡುವೆ ಎರಡು ಸಲ ಕೂಗು. ಆ ಕೂಗಿಗೆ ಅಡಿಗೆಮನೆಯಿಂದ ಬಾಣಸಿಗರು ಹೊರಗೆ ಬಂದು ನೋಡಿದರು. ಮುಗಿದಾಗ ಎಲ್ಲಿಂದ ಹೊರಟಿದ್ದಳೋ ಅಲ್ಲಿಯೇ ನಿಂತಿದ್ದಳು. ಕುಂಟೆ ಹೊಡೆದ ಹೊಲದ ಸಾಲಿನಂತೆ ಅಚ್ಚುಕಟ್ಟು.

ಕೆಳಗೆ ಇಳಿದು ನನ್ನ ಕಾಲು ಮುಟ್ಟಿದಳು. ನಾನು ಬೆನ್ನು ತಟ್ಟಿ, ಹಳೆಯ ಚಟದಂತೆ, "ಇದು ನಮ್ಮ ದೇಶದ ವಿದ್ಯೆ, ಗೊತ್ತೇನವಾ? ಬೋಧಿಧರ್ಮ..." ಎಂದು ಶುರುಮಾಡಿದೆ.

"ಅಲ್ಲರೀ ಅಜ್ಜಾರ" ಎಂದಳು ಹುಡುಗಿ, ಸ್ವಲ್ಪವೂ ಅಳುಕದೆ. "ಇದನ್ನ ಮಾಡಿದವರು ಒಕಿನಾವಾದವರು. ಸಾಲಿ ಹುಡುಗೂರ ಸಲುವಾಗಿ ಮಾಡ್ಯಾರಂತ. ಆಮ್ಯಾಲ ಫುನಾಕೋಶಿ ಅಂತ ಇದ್ರು. ಅವರೂ ನಿಮ್ಮಂಗ ಸಾಲಿ ಮಾಸ್ತರ ಇದ್ರಂತರೀ."

ಹಿಂದೆ ನಿಂತಿದ್ದ ತಾಯಿ ನಗುತ್ತಿದ್ದಳು. ನಿಮಗೆ ಅರ್ಥವಾಗಿರಬೇಕು, ಅವಳು ಯಾರೆಂದು. ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

ಊಟವಾದ ಮೇಲೆ ಅವಳು ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಹತ್ತನೆಯ ತರಗತಿ ಮುಗಿದ ಮೇಲೆ ಅವಳನ್ನು ಬಾಗಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿಟ್ಟು ಕಾಲೇಜಿಗೆ ಸೇರಿಸಿದ್ದರು. ಶಿಕ್ಷಕಿಯಾಗಬೇಕೆಂಬ ಆಸೆ. ಹಳೆಯ ಬಾಗಲಕೋಟೆಯ ಇಕ್ಕಟ್ಟಾದ ಓಣಿಗಳಲ್ಲಿ ಒಬ್ಬ ಹುಡುಗ ದಿನವೂ ಹಿಂದೆ ಬರತೊಡಗಿದ. ಒಂದು ದಿನ ಕೈ ಹಿಡಿದು ಎಳೆದ. ಬಿಡಿಸಿಕೊಂಡು ಓಡಿ ಬಂದಳು. ಮನೆಯಲ್ಲಿ ಹೇಳಿದಳು. ಮಾವ ಮರುದಿನವೇ ಬಸ್ಸು ಹತ್ತಿಸಿ ಊರಿಗೆ ಕಳಿಸಿದರು. ಓದು ಅಲ್ಲಿಗೆ ನಿಂತಿತು. ಎರಡು ವರ್ಷಕ್ಕೆ ಲಗ್ನವಾಯಿತು. ಆ ಓಣಿಗಳಲ್ಲಿ ಎಷ್ಟೋ ಭಾಗ ಈಗ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಅವಳು ಹೇಳಿದ ಜಾಗವನ್ನು ಹೋಗಿ ನೋಡುವಂತೆಯೂ ಇಲ್ಲ.

"ಕರಾಟೆ ಕಲಿತಿದ್ರ ಅವನ್ನ ಹೊಡದ ಕೆಡವತಿದ್ದೆ ಅಂತ ಅಲ್ರಿ ಸರ" ಎಂದಳು. "ಆದ್ರ ಕೈ ಹಿಡದಾಗ ಕೂಗಾಕ ಬಾಯಿ ಬರಲಿಲ್ಲರೀ ನನಗ. ಇಕಿ ನೋಡ್ರಿ, ಕೂಗೂದನ್ನ ಮೊದಲ ಕಲಿಸ್ಯಾರ."

ನಾನೇನೂ ಮಾತಾಡಲಿಲ್ಲ. ಅವಳೇ, "ಅಯ್ಯ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಸರ, ಹಳೇ ಮಾತು" ಎಂದು ಎದ್ದು ಹೋಗಿ, ಎಲೆಯಡಿಕೆಯ ತಟ್ಟೆ ತಂದು ಮುಂದಿಟ್ಟಳು.

ಆ ಮೇಲೆ ಬೆಂಗಳೂರಿನಲ್ಲಿರುವ ಮಗನಿಗೆ ಹೇಳಿ ಫುನಾಕೋಶಿ ಗಿಚಿನ್ ಅವರ ಆತ್ಮಕಥೆಯ ಇಂಗ್ಲಿಷ್ ಅನುವಾದವನ್ನು ತರಿಸಿದೆ. ಮತ್ತೆ ಒಂದೆರಡು ಇತಿಹಾಸದ ಪುಸ್ತಕಗಳನ್ನು ಓದಿದೆ. ೬೮ನೆಯ ವಯಸ್ಸಿನಲ್ಲಿ ೧೪ರ ಹುಡುಗಿ ಕೊಟ್ಟ ಮನೆಪಾಠ. ತಿಳಿದುದನ್ನು ಈಗ, ಅಂದಿನ ಪಾಠದ ತಿದ್ದುಪಡಿಯೆಂದು ತಿಳಿದು, ನಿಮ್ಮ ಮುಂದೆ ಇಡುತ್ತೇನೆ.

ಜಪಾನಿನ ದಕ್ಷಿಣಕ್ಕೆ ಸಮುದ್ರದಲ್ಲಿ ಚೆಲ್ಲಿದ ಕಾಳಿನಂತೆ ರ್ಯೂಕ್ಯೂ ದ್ವೀಪಗಳಿವೆ. ಅವುಗಳಲ್ಲಿ ದೊಡ್ಡದು ಒಕಿನಾವಾ. ಅದು ಮೊದಲು ಜಪಾನಿನದಾಗಿರಲಿಲ್ಲ. ತನ್ನದೇ ರಾಜ, ತನ್ನದೇ ನುಡಿ ಇದ್ದ ಪುಟ್ಟ ರಾಜ್ಯ. ಚೀನಾದ ಫೂಜಿಯನ್ ಪ್ರಾಂತದೊಡನೆ ಶತಮಾನಗಳ ವ್ಯಾಪಾರ ನಡೆದಿತ್ತು. ಹಡಗಿನಲ್ಲಿ ಸರಕಿನ ಜೊತೆಗೆ ಚೀನೀ ಮುಷ್ಟಿಯುದ್ಧದ ವರಸೆಗಳೂ ಬಂದು, ದ್ವೀಪದ ಸ್ವಂತ ಕೈವರಸೆಗಳೊಡನೆ ಬೆರೆತವು. ಆ ಬೆರಕೆಯೇ ಕರಾಟೆಯ ಬೀಜ. ೧೬೦೯ರಲ್ಲಿ ಜಪಾನಿನ ಸತ್ಸುಮಾ ಪಾಳೆಯದವರು ದ್ವೀಪವನ್ನು ಗೆದ್ದರು; ೧೮೭೯ರಲ್ಲಿ ಜಪಾನು ಅದನ್ನು ಪೂರ್ತಿಯಾಗಿ ನುಂಗಿಕೊಂಡಿತು. ಆಯುಧ ಕಸಿದುಕೊಂಡಾಗ ಬಡ ರೈತರು ಬರಿಗೈಯಲ್ಲಿ ಸಮುರಾಯಿಗಳೊಡನೆ ಹೋರಾಡಲು ಕರಾಟೆ ಕಂಡುಹಿಡಿದರು ಎಂಬ ಕಥೆ ಬಹಳ ಜನಪ್ರಿಯ. ಕೇಳಲು ರಮ್ಯ. ಆದರೆ ಹೆಸರು ಉಳಿದಿರುವ ಹಳೆಯ ಗುರುಗಳೆಲ್ಲ ಹೆಚ್ಚಾಗಿ ರಾಜಧಾನಿ ಶೂರಿಯ ಅಧಿಕಾರಿ ಮನೆತನಗಳವರು; ಮತ್ಸುಮುರಾ ಸೋಕೋನ್ ಎಂಬ ಪ್ರಸಿದ್ಧ ಗುರು ರಾಜನ ಅಂಗರಕ್ಷಕನಾಗಿದ್ದವನು. ಹಗಲೆಲ್ಲ ಹೊಲದಲ್ಲಿ ದುಡಿದವನಿಗೆ ರಾತ್ರಿ ಗಾಳಿಗೆ ಗುದ್ದುವ ಪುರುಸೊತ್ತು ಎಲ್ಲಿಂದ ಬರಬೇಕು!

ಶೂರಿ, ನಾಹಾ, ತೋಮಾರಿ ಎಂಬ ಮೂರು ಊರುಗಳಲ್ಲಿ ಮೂರು ಬಗೆಯ ವರಸೆಗಳು ಬೆಳೆದವು. ಮೂರೂ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ನಮ್ಮಲ್ಲಿ ಕಮತಗಿಯ ಮಾತಿನ ಧಾಟಿಗೂ ಅಮೀನಗಡದ ಮಾತಿನ ಧಾಟಿಗೂ ಕಿವಿಗೆ ತಿಳಿಯುವ ಅಂತರವಿದೆಯೆಂದು ಹಳಬರು ಹೇಳುತ್ತಿದ್ದರಲ್ಲ, ಹಾಗೆ. ಕಲಿಸುತ್ತಿದ್ದದ್ದು ಗುಟ್ಟಾಗಿ, ರಾತ್ರಿ, ಒಬ್ಬಿಬ್ಬರಿಗೆ.

ಇದನ್ನು ಬೆಳಕಿಗೆ ತಂದವರು ಇತೊಸು ಆಂಕೋ. ೧೯೦೧ರಲ್ಲಿ ಶೂರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಕರಾಟೆ ಕಲಿಸತೊಡಗಿದರು. ೧೯೦೮ರಲ್ಲಿ, ಇದನ್ನು ಶಾಲೆಗಳಲ್ಲಿ ಏಕೆ ಕಲಿಸಬೇಕೆಂದು ವಿವರಿಸಿ ಹತ್ತು ಅಂಶಗಳ ಪತ್ರವೊಂದನ್ನು ಬರೆದರು. ಹಳೆಯ ವರಸೆಗಳು ಮಕ್ಕಳಿಗೆ ಕಠಿಣವೆಂದು ಕಂಡು, ಅವರಿಗಾಗಿ ಐದು ಸುಲಭ ವರಸೆಗಳನ್ನು ಕಟ್ಟಿ 'ಪಿನಾನ್' ಎಂದು ಹೆಸರಿಟ್ಟರು. ಶಾಂತಿ, ನೆಮ್ಮದಿ ಎಂಬುದು ಅದರ ಅರ್ಥ. ಅದೇ ಮುಂದೆ ಜಪಾನೀ ಉಚ್ಚಾರದಲ್ಲಿ 'ಹೈಯಾನ್' ಆಯಿತು. ಇಳಕಲ್ಲಿನ ಕಲ್ಯಾಣ ಮಂಟಪದಲ್ಲಿ ಆ ಹುಡುಗಿ ಮಾಡಿ ತೋರಿಸಿದ್ದು ಆ ಐದರಲ್ಲಿ ಒಂದು. ಶಾಲೆಯ ಮಕ್ಕಳಿಗೆಂದು ಮಾಡಿದ್ದು ಶಾಲೆಯ ಮಗುವಿಗೇ ತಲುಪಿತ್ತು.

ಇತೊಸು ಅವರ ಶಿಷ್ಯರಲ್ಲಿ ಒಬ್ಬರು ಫುನಾಕೋಶಿ. ೧೮೬೮ರಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ರೋಗಿಷ್ಠರು. ವೈದ್ಯಕೀಯ ಶಾಲೆಗೆ ಸೇರುವ ಅರ್ಹತೆ ದೊರೆತಿತ್ತು. ಆದರೆ ತಲೆಯ ಜುಟ್ಟನ್ನು ಕತ್ತರಿಸಿದವರಿಗೆ ಮಾತ್ರ ಪ್ರವೇಶವೆಂಬ ನಿಯಮವಿತ್ತು, ಮನೆತನದವರು ಜುಟ್ಟು ಬಿಡಲೊಲ್ಲರು. ವೈದ್ಯರಾಗುವುದು ತಪ್ಪಿತು. ೧೮೮೮ರಲ್ಲಿ ಪ್ರಾಥಮಿಕ ಶಾಲೆಯ ಸಹಾಯಕ ಶಿಕ್ಷಕರಾದರು; ಅದಕ್ಕೂ ಜುಟ್ಟು ಕತ್ತರಿಸಲೇಬೇಕಾಯಿತು, ಮನೆಯಲ್ಲಿ ರಂಪವಾಯಿತು. ಸುಮಾರು ೩೦ ವರ್ಷ ಮಾಸ್ತರಿಕೆ. ಹಗಲು ಶಾಲೆ, ರಾತ್ರಿ ಗುರು ಅಜಾತೋ ಅವರ ಅಂಗಳದಲ್ಲಿ ಅಭ್ಯಾಸ. ಒಂದೇ ವರಸೆಯನ್ನು ತಿಂಗಳುಗಟ್ಟಲೆ ಮಾಡಿಸುತ್ತಿದ್ದರಂತೆ ಗುರುಗಳು, ಹೊಗಳಿಕೆಯ ಮಾತು ಬಹು ವಿರಳ. ಚಂಡಮಾರುತ ಬೀಸುವಾಗ ಮನೆಯ ಮಾಡು ಹತ್ತಿ, ಚಾಪೆಯೊಂದನ್ನು ಎದುರಿಗೆ ಹಿಡಿದು, ಗಾಳಿಗೆ ಎದೆಯೊಡ್ಡಿ ಕಾಲೂರಿ ನಿಲ್ಲುವ ಅಭ್ಯಾಸವನ್ನೂ ಈ ಮಾಸ್ತರರು ಮ��ಡಿದವರು.

೧೯೨೨ರಲ್ಲಿ ತೋಕಿಯೋದಲ್ಲಿ ಶಿಕ್ಷಣ ಇಲಾಖೆಯ ದೈಹಿಕ ಶಿಕ್ಷಣ ಪ್ರದರ್ಶನ ನಡೆಯಿತು. ದ್ವೀಪದ ಪರವಾಗಿ ಕರಾಟೆ ತೋರಿಸಲು ಇವರನ್ನು ಕಳಿಸಿದರು. ವಯಸ್ಸು ೫೩. ತೋರಿಸಿ ಮರಳುವ ವಿಚಾರ. ಅಷ್ಟರಲ್ಲಿ ಕಾನೋ ಜಿಗೋರೋ ಅವರಿಂದ ಕರೆ ಬಂತು. ಕಾನೋ ಅವರೂ ಶಿಕ್ಷಕರೇ. ತೋಕಿಯೋದ ಉನ್ನತ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದವರು. ೧೮೮೨ರಲ್ಲಿ, ಒಂದು ಬೌದ್ಧ ದೇಗುಲದ ೧೨ ಚಾಪೆಗಳಷ್ಟು ಜಾಗದಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಜೂಡೋ ಆರಂಭಿಸಿದವರು. ಅವರು ತಮ್ಮ ಶಾಲೆಯಲ್ಲಿ ಫುನಾಕೋಶಿಯವರಿಂದ ಪ್ರದರ್ಶನ ಮಾಡಿಸಿ, ಇಲ್ಲಿಯೇ ಸ್ವಲ್ಪ ದಿನ ನಿಲ್ಲಿರಿ ಎಂದರು. ನಿಂತರು. ಒಕಿನಾವಾದ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಒಂದು ಪುಟ್ಟ ಕೋಣೆ. ಬಾಡಿಗೆಗಾಗಿ ಕಾವಲು ಕಾಯುವುದು, ಅಂಗಳ ಗುಡಿಸುವುದು, ತೋಟದ ಕೆಲಸ. ತಾವು ಪಾಠ ಹೇಳಿದ ವಯಸ್ಸಿನ ಹುಡುಗರ ಕೋಣೆಗಳನ್ನು ತಾವೇ ಗುಡಿಸುತ್ತಿದ್ದರು. ಪುಸ್ತಕದಲ್ಲಿ ಇದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಹೆಂಡತಿ ದ್ವೀಪದಲ್ಲಿಯೇ ಉಳಿದರು. ಹಿರಿಯರ ಸಮಾಧಿಗಳನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ. ೧೯೪೫ರ ಯುದ್ಧದಲ್ಲಿ ಒಕಿನಾವಾ ಸುಟ್ಟು ಕರಿಯಾಯಿತು, ಶೂರಿಯ ಕೋಟೆ ನೆಲಸಮವಾಯಿತು. ಇತ್ತ ತೋಕಿಯೋದಲ್ಲಿ ಶಿಷ್ಯರು ಕಟ್ಟಿಸಿಕೊಟ್ಟಿದ್ದ ಶೋತೋಕಾನ್ ಶಾಲೆಯೂ ಬಾಂಬಿಗೆ ಸಿಕ್ಕಿತು. ಅದೇ ವರ್ಷ ಮಗ ತೀರಿಕೊಂಡ. ಯುದ್ಧ ಮುಗಿದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಇರಲು ದೊರೆತದ್ದು ಸ್ವಲ್ಪವೇ ಕಾಲ. ೧೯೪೭ರಲ್ಲಿ ಆಕೆ ಹೋದರು. ಫುನಾಕೋಶಿ ೧೯೫೭ರವರೆಗೆ ಬದುಕಿದ್ದರು.

ಭಾಷೆಯ ಮಾಸ್ತರನಾಗಿ ನನಗೆ ಹಿಡಿಸಿದ್ದು ಹೆಸರಿನ ಕಥೆ. ಮೊದಲು ಕರಾಟೆ ಎಂದು ಬರೆಯುತ್ತಿದ್ದ ಲಿಪಿಚಿಹ್ನೆಗಳ ಅರ್ಥ 'ಚೀನೀ ಕೈ'. ಅದೇ ಉಚ್ಚಾರವುಳ್ಳ ಇನ್ನೊಂದು ಚಿಹ್ನೆಗೆ 'ಬರಿದು' ಎಂಬ ಅರ್ಥವಿದೆ. ಅದನ್ನು ಬಳಸಿದರೆ 'ಬರಿಗೈ' ಆಗುತ್ತದೆ. ನಾಲಿಗೆಗೆ ಏನೂ ಬದಲಾಗದು, ಕಣ್ಣಿಗೆ ಎಲ್ಲವೂ ಬದಲಾಗುತ್ತದೆ. ೧೯೩೬ರಲ್ಲಿ ನಾಹಾದಲ್ಲಿ ಗುರುಗಳೆಲ್ಲ ಸಭೆ ಸೇರಿ ಈ ಹೊಸ ಬರವಣಿಗೆಯನ್ನು ಒಪ್ಪಿದರು. ಆ ಹೊತ್ತಿಗೆ ಜಪಾನಿಗೂ ಚೀನಾಕ್ಕೂ ವೈರ ಬೆಳೆದಿತ್ತೆಂಬುದನ್ನೂ ಮರೆಯಬಾರದು. ಮೂಲದ ಋಣವನ್ನು ಹೆಸರಿನಿಂದ ಅಳಿಸುವ ಚಪಲ ನಮಗೊಬ್ಬರಿಗೇ ಇರುವುದಲ್ಲ. ಆದರೆ ಫುನಾಕೋಶಿ ಆ 'ಬರಿದು' ಎಂಬುದಕ್ಕೆ ಬೌದ್ಧರ ಶೂನ್ಯದ ಅರ್ಥವನ್ನೂ ಕೊಟ್ಟರು. ಕೂಡಲಸಂಗಮ ಇರುವ ತಾಲೂಕಿನಲ್ಲಿ ಬಯಲು, ಶೂನ್ಯ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ವ್ಯುತ್ಪತ್ತಿಯ ಗತಿ ನೋಡಿರಿ: ಜಪಾನಿಯಲ್ಲಿ 'ಕರ' ಎಂದರೆ ಬರಿದು, ಕೈಯೆಂಬುದು 'ತೆ'. ನಾನು ಬರಿದನ್ನು ಹಿಡಿದು ಕೈ ಎಂದಿದ್ದೆ.

ಇನ್ನು ಬೋಧಿಧರ್ಮ. ದಕ್ಷಿಣ ಭಾರತದಿಂದ ಬಂದವನೆಂದು ಹೇಳುವ ಹಳೆಯ ಚೀನೀ ಬರಹವಿದೆ. ಪರ್ಷಿಯಾದವನೆಂದು ಹೇಳುವ, ೬ನೆಯ ಶತಮಾನದ, ಅದಕ್ಕೂ ಹಳೆಯ ಬರಹವಿದೆ. ಧ್ಯಾನ ಕಲಿಸಿದನೆಂಬುದು ನಿಜವಿರಬಹುದು. ಆದರೆ ಅವನ ಹೆಸರಿಗೆ ವ್ಯಾಯಾಮವನ್ನು ಕಟ್ಟಿದ ಗ್ರಂಥ ೧೭ನೆಯ ಶತಮಾನದ್ದು, ಅವನು ತೀರಿದ ಸಾವಿರ ವರ್ಷಗಳ ಮೇಲಿನದು. ಅದರ ಮುನ್ನುಡಿಗಳೇ ಕೃತಕವೆಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ. ಸಿನೆಮಾಗಳೂ ಭಾಷಣಗಳೂ ಏನೇ ಹೇಳಲಿ, ಪುಣೆಯ ನನ್ನ ವಿದ್ಯಾರ್ಥಿಯು ಮಗನಿಗೆ ಇದನ್ನು ತಿದ್ದಿ ಹೇಳಬೇಕು.

ಯುದ್ಧಾನಂತರ ಜಪಾನಿನಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ಕರಾಟೆ ಕಲಿತು ತಮ್ಮ ದೇಶಕ್ಕೆ ಒಯ್ದರು. ಆಮೇಲೆ ಸಿನೆಮಾ ಒಯ್ದಿತು. ೨೦೨೧ರಲ್ಲಿ ನಡೆದ ತೋಕಿಯೋ ಒಲಿಂಪಿಕ್ಸಿನಲ್ಲಿ ಮೊದಲ ಸಲ ಸೇರಿ, ಪ್ಯಾರಿಸ್ಸಿನಲ್ಲಿ ಬಿಟ್ಟುಹೋಯಿತು. ಆ ಒಂದು ಸಲ ಪುರುಷರ ವರಸೆ ವಿಭಾಗದ ಚಿನ್ನ ಗೆದ್ದ ಕಿಯುನಾ ರ್ಯೋ ಒಕಿನಾವಾದವನೇ.

ಹುಡುಗಿಯರ ಮಾತಿಗೆ ಬರುತ್ತೇನೆ. ನಾನು ೧೯೯೦ರಲ್ಲಿ ಶೋಭಿಸದು ಎಂದದ್ದನ್ನು ರವೀಂದ್ರನಾಥ ಠಾಕೂರರು ಎಂದೋ ಮಾಡಿ ಮುಗಿಸಿದ್ದರು. ೧೯೦೫ರಷ್ಟು ಹಿಂದೆಯೇ ಶಾಂತಿನಿಕೇತನಕ್ಕೆ ಜಪಾನಿನಿಂದ ಜೂಡೋ ಶಿಕ್ಷಕರನ್ನು ಕರೆಸಿದ್ದರು. ೧೯೨೯ರಲ್ಲಿ ತಕಾಗಾಕಿ ಶಿನ್ಜೋ ಎಂಬ ದೊಡ್ಡ ಗುರುವನ್ನು ಕರೆಸಿದಾಗ ಹೆಣ್ಣುಮಕ್ಕಳೂ ಕಲಿತರು. ತಮ್ಮ ತಾಯಿ ಅಲ್ಲಿ ಜೂಡೋ ಕಲಿತಿದ್ದರೆಂದು ಅಮರ್ತ್ಯ ಸೇನರು ಬರೆದಿದ್ದಾರೆ. ಅಷ್ಟು ದೂರ ಏಕೆ ಹೋಗಬೇಕು? ಐಹೊಳೆಗೆ ಪ್ರವಾಸ ಕರೆದೊಯ್ದಾಗಲೆಲ್ಲ ನಾನೇ ನಿಮಗೆ ಅರಸೀಬೀದಿಯ ಕಥೆ ಹೇಳುತ್ತಿದ್ದೆ. ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು. ೧೦೪೭ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳೆಂದು ಶಾಸನವಿದೆ. ರಣದಲ್ಲಿ ಭೈರವಿಯೆಂದು ಶಾಸನಕವಿಗಳು ಕರೆದರು ಎಂದು ಕೈಯೆತ್ತಿ ಹೇಳುತ್ತಿದ್ದೆ. ಸಾವಿರ ವರ್ಷದ ಹಿಂದಿನ ಹೆಣ್ಣಿಗೆ ಕೋಟೆ ಮುತ್ತಲು ಪರವಾನಗಿ ಕೊಟ್ಟು, ಎದುರಿನ ಬೆಂಚಿನ ಹುಡುಗಿಗೆ ಬೇವಿನ ಗಿಡದ ಬುಡಕ್ಕೆ ಹೋಗಲು ಕೊಡಲಿಲ್ಲ.

ಈಗ ಕಾಲ ಬದಲಾಗಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ೬ರಿಂದ ೧೨ನೆಯ ತರಗತಿಯ ಸರ್ಕಾರಿ ಶಾಲೆಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿ ಉಂಟು. ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ, ಜೂಡೋದ ದಾಯಾದಿಯಂಥ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದವಳು ಬೆಳಗಾವಿ ಜಿಲ್ಲೆಯ ರೈತನ ಮಗಳು ಮಲಪ್ರಭಾ ಜಾಧವ. ನಮ್ಮ ಪಟ್ಟದಕಲ್ಲಿನ ಹೊಳೆಯ ಹೆಸರು. ಮೂರು ತಿಂಗಳಲ್ಲಿ ಯಾರೂ ಕರಾಟೆ ಕಲಿಯುವುದಿಲ್ಲ ಎಂಬುದೂ ನಿಜ. ಆರು ವರ್ಷದ ಕೂಸಿಗೆ ದುಡ್ಡು ತೆಗೆದುಕೊಂಡು ಬಣ್ಣಬಣ್ಣದ ಪಟ್ಟಿ ಕಟ್ಟಿ ಫೋಟೋ ತೆಗೆಸುವ ಅಂಗಡಿಗಳೂ ಬಂದಿವೆ; ಅವುಗಳ ಬಗ್ಗೆ ನನಗೆ ಗೌರವವಿಲ್ಲ. ಬೇವಿನ ಗಿಡದ ಬುಡದ ಆ ಗಿರಣಿಯ ಹುಡುಗ ಒಂದು ಹಳದಿ ಪಟ್ಟಿ ಕೊಡಲು ವರ್ಷಗಟ್ಟಲೆ ಸತಾಯಿಸುತ್ತಿದ್ದ.

ಅಂದು ವೇದಿಕೆಯ ಮೇಲೆ ನಿಂತ ಹುಡುಗಿಗೆ ಈಗ ೨೫ ವರ್ಷ. ಬಾಗಲಕೋಟೆಯ ನವನಗರದಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಹುಡುಗಿಯರಿಗೆ ಕಲಿಸುತ್ತಾಳೆ. ಹೋದ ಚಳಿಗಾಲದಲ್ಲಿ ಒಮ್ಮೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತು ನೋಡಿ ಬಂದೆ. ಮೊದಲು ಕಲಿಸಿದ್ದು ಕೂಗುವುದನ್ನು.

ಇದನ್ನು ಬರೆಯುವ ಮೊದಲು ಅವಳ ತಾಯಿಗೆ ದೂರವಾಣಿ ಮಾಡಿ ಅಪ್ಪಣೆ ಕೇಳಿದೆ. ಅವಳ ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಬರೀರಿ ಸರ. ನನ್ನ ಹೆಸರು ಬ್ಯಾಡ. ಆದ್ರ ಅಪ್ಪ ನಿಮ್ಮನ್ನ ಕೇಳಾಕ ಬಂದಿದ್ರು, ಕಳಸ್ತೀನಿ ಅಂದಿದ್ರು ಅನ್ನೂದನ್ನ ಮರೀದ ಬರೀರಿ. ನಮ್ಮ ಮಂದಿಯೆಲ್ಲಾ ಅಪ್ಪನ ಬ್ಯಾಡ ಅಂದ ಅಂತ ತಿಳ್ಕೊಂಡಾರ."

ಬರೆದಿದ್ದೇನೆ. ಅವರು ಬಂದಿದ್ದರು. ಕಳಿಸುತ್ತೇನೆ ಎಂದಿದ್ದರು. ಬೇಡವೆಂದವನು ನಾನು.